ಮಾವನ ವಾಚಿಗೆ ರೇಡಿಯಂ: ಸದ್ಯಕ್ಕೆ ಮುಳ್ಳುಗಳವರೆಗೆ

ಜೂನ್ 14

ಮಾವ ವಾಚನ್ನು ಕರ್ಚೀಫಿನಲ್ಲಿ ಸುತ್ತಿ ಮಂಗಳೂರು ಬಿಜೈಯ ನಮ್ಮ ಮನೆಗೆ ತಂದರು. ಒಮೆಗಾ ಸೀಮಾಸ್ಟರ್, ನೀರಲ್ಲಿ 300 ಮೀಟರ್ ತಾಳುವ ಮಾದರಿ. ನೀಲಿ ಡಯಲ್ ತುಂಬ ಅಲೆ ಅಲೆಯ ಗೆರೆ. 1996ರಲ್ಲಿ ಬಹ್ರೈನ್‌ನಲ್ಲಿದ್ದಾಗ ಎರಡು ತಿಂಗಳ ಓವರ್‌ಟೈಮ್ ಕೂಡಿಸಿ ಕೊಂಡದ್ದಂತೆ. ಓಡುತ್ತದೆ, ಟೈಮ್ ಸರಿಯಾಗಿಯೇ ತೋರಿಸುತ್ತದೆ. ಕತ್ತಲಲ್ಲಿ ಮಾತ್ರ ಏನೂ ಕಾಣುವುದಿಲ್ಲ.

“ಇದಕ್ಕೆ ಸ್ವಲ್ಪ ರೇಡಿಯಂ ಹಾಕಿ ಕೊಡು ಮಾರಾಯ. ನಾಲ್ಕು ಗಂಟೆಗೆ ಎಚ್ಚರ ಆಗ್ತದೆ. ಲೈಟ್ ಹಾಕಿದ್ರೆ ನಿನ್ನ ಅತ್ತೆ ಬೈತಾಳೆ.” ಮೊಬೈಲ್ ನೋಡಿದರೆ ಆಮೇಲೆ ನಿದ್ದೆಯೇ ಬರುವುದಿಲ್ಲವಂತೆ.

ನಮ್ಮ ಕಡೆ ಕತ್ತಲಲ್ಲಿ ಮಿನುಗುವುದೆಲ್ಲ ರೇಡಿಯಂ. ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವ ಸ್ಟಿಕ್ಕರ್ ಕೂಡ ರೇಡಿಯಂ. ನಿಜವಾದ ರೇಡಿಯಂ ವಾಚುಗಳಲ್ಲಿ ಇದ್ದದ್ದು 1960ರ ದಶಕದವರೆಗೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಹಿಡಿಯುವ ಕಾಲ, 1600 ವರ್ಷ. ಅದರ ಜೊತೆ ಬೆರೆಸಿದ, ಹೊಳಪು ಕೊಡುತ್ತಿದ್ದ ಜಿಂಕ್ ಸಲ್ಫೈಡ್ ಕೆಲವೇ ದಶಕಗಳಲ್ಲಿ ಸುಟ್ಟು ಹೋಗುತ್ತದೆ, ವಿಕಿರಣ ಮಾತ್ರ ಹಾಗೆಯೇ ಇರುತ್ತದೆ. ಹಾಗಾಗಿ ಅಜ್ಜನ ಕಾಲದ ವಾಚು ಮಿನುಗುವುದಿಲ್ಲ ಅಂತ ಸುಮ್ನೆ ಬಿಚ್ಚಿ ಕೆರೆಯಲು ಹೋಗಬೇಡಿ. ಅಂಥದ್ದನ್ನು ನಾನು ಮುಟ್ಟುವುದೇ ಇಲ್ಲ.

ಮಾವನ ವಾಚಿನಲ್ಲಿ ಆ ಭಯ ಇಲ್ಲ. ಡಯಲಿನ ತಳದಲ್ಲಿ, 6ರ ಕೆಳಗೆ, ಲೆನ್ಸ್ ಹಾಕಿ ನೋಡಿದರೆ “ಟಿ ಸ್ವಿಸ್ ಮೇಡ್ ಟಿ” ಅಂತ ಉಂಟು. ಟಿ ಅಂದರೆ ಟ್ರೀಟಿಯಂ, ರೇಡಿಯಂ ಬದಲಿಗೆ ವಾಚುಗಳಿಗೆ ಬಂದ ಸೌಮ್ಯ ವಿಕಿರಣದ ವಸ್ತು. ಅದರ ಅರ್ಧಾಯುಷ್ಯ 12.3 ವರ್ಷ. 1996ರಿಂದ ಲೆಕ್ಕ ಹಾಕಿದರೆ ಎರಡು ಸಲ ಅರ್ಧಕ್ಕಿಳಿದು ಆಗಿದೆ, ಕಾಲು ಪಾಲೂ ಉಳಿದಿಲ್ಲ. ಯುವಿ (ನೇರಳಾತೀತ) ಟಾರ್ಚ್ ಬಿಟ್ಟೆ. ಒಮ್ಮೆ ಹಸಿರಾಯಿತು. ಟಾರ್ಚ್ ಆರಿಸಿದೆ, ಎರಡು ಸೆಕೆಂಡಿನಲ್ಲಿ ಮುಗಿಯಿತು.

ಜೂನ್ 22

ಹಂಪನಕಟ್ಟೆಯಲ್ಲಿ ನಾನು ಯಾವಾಗಲೂ ಹೋಗುವ ವಾಚ್ ರಿಪೇರಿಯವರಲ್ಲಿ ಕೇಳಿದೆ. ಮುಳ್ಳು ತೆಗೆಯುವ ಸಣ್ಣ ಸನ್ನೆಕೋಲುಗಳನ್ನು ಕೊಟ್ಟರು, ಜೊತೆಗೆ ಒಂದು ಮಾತು: “ಡಯಲ್ ಕೆರೆದ್ರೆ ವಾಚಿನ ರೇಟು ಅಲ್ಲೇ ಬಿತ್ತು.”

ಅವರು ಹೇಳಿದ್ದು ಸರಿ. ಇಂಥ ವಾಚಿನಲ್ಲಿ ಜನ ಹುಡುಕುವುದೇ ಹಳೆಯ ಡಯಲನ್ನು. ಬಿಳಿ ಚುಕ್ಕೆಗಳು ಮೂವತ್ತು ವರ್ಷದಲ್ಲಿ ಬೆಣ್ಣೆ ಕಾಸುವಾಗ ಬರುವ ಬಣ್ಣಕ್ಕೆ ತಿರುಗಿವೆ, ಅದು ಚಂದವೇ. ಮಾವ ಮಾರುವವರಲ್ಲ, ಆದರೂ ಹಾಳು ಮಾಡುವ ಕೈ ನನ್ನದಾಗುವುದು ಬೇಡ. ಈ ಮಾದರಿಯಲ್ಲಿ ಚುಕ್ಕೆಗಳು ನೇರ ಡಯಲಿನ ಬಣ್ಣದ ಮೇಲೆಯೇ ಕೂತಿವೆ. ಕೆರೆದರೆ ಕೆಳಗಿನ ನೀಲಿಯೂ ಎದ್ದು ಬರುವ ಅಪಾಯ.

ತುಂಬ ಯೋಚಿಸಿ ಹೀಗೆ ನಿರ್ಧರಿಸಿದೆ: ಡಯಲ್ ಮುಟ್ಟುವುದಿಲ್ಲ. ಗಂಟೆ ಮುಳ್ಳು, ನಿಮಿಷದ ಮುಳ್ಳು, ಹೊರಗಿನ ಬೆಜೆಲ್‌ನಲ್ಲಿ (ಗಾಜಿನ ಸುತ್ತಲಿನ ಉಂಗುರ) 12ರ ಜಾಗದ ಚುಕ್ಕೆ, ಇಷ್ಟು ಸಾಕು. ಚುಕ್ಕೆ ನೋಡಿದರೆ ಮೇಲೆ ಯಾವುದು ಅಂತ ತಿಳಿಯುತ್ತದೆ, ಮುಳ್ಳು ನೋಡಿದರೆ ಗಂಟೆ ತಿಳಿಯುತ್ತದೆ. ಸೆಕೆಂಡ್ ಮುಳ್ಳು ಹಾಗೇ ಇರಲಿ. ಬೆಳಗಿನ ಜಾವ ನಾಲ್ಕಕ್ಕೆ ಸೆಕೆಂಡ್ ಯಾರಿಗೆ ಬೇಕು?

ಜುಲೈ 5

ಪುಡಿ ಬಂತು. ಸ್ಟ್ರಾನ್ಶಿಯಂ ಅಲ್ಯುಮಿನೇಟ್, ಸಿ3 ಅನ್ನುವ ಹಸಿರು ಜಾತಿ. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ತಂದ ಈ ಬಗೆಯ ಪುಡಿಯಿಂದಲೇ ಆ ದಶಕದ ಕೊನೆಗೆ ಟ್ರೀಟಿಯಂ ಮೂಲೆ ಸೇರಿತು. ಇದರಲ್ಲಿ ವಿಕಿರಣ ಇಲ್ಲ. ಬೆಳಕು ಕುಡಿದು ಮೆಲ್ಲಗೆ ಬಿಡುತ್ತದೆ, ಅಷ್ಟೇ.

ಒಂದೇ ಕಷ್ಟ, ನೀರು ಇದಕ್ಕೆ ಆಗುವುದಿಲ್ಲ. ತೇವ ತಾಗಿದರೆ ಪುಡಿ ಕೆಟ್ಟು ಹೊಳಪು ಸಾಯುತ್ತದೆ. ಮಂಗಳೂರಿನ ಜುಲೈಯಲ್ಲಿ ಚಪ್ಪಲಿಗೂ ಬೂಸು ಬರುತ್ತದೆ, ಇನ್ನು ಇದನ್ನು ಎಲ್ಲಿಡುವುದು? ಅಮ್ಮ ಹಲಸಿನ ಹಪ್ಪಳ ಇಡುವ ಗಟ್ಟಿ ಮುಚ್ಚಳದ ಡಬ್ಬಿಯೇ ಗತಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಹಪ್ಪಳದ ಪಕ್ಕವೇ ಇಟ್ಟೆ. ಅಮ್ಮನಿಗೆ ಗೊತ್ತಾದ ಮೇಲೆ ಹಪ್ಪಳ ಬೇರೆ ಡಬ್ಬಿಗೆ ಹೋಯಿತು.

ಜುಲೈ 12

ಮುಳ್ಳು ತೆಗೆದೆ. ಹಾಲಿನ ಪ್ಯಾಕೆಟ್ ತೊಳೆದು ಒರೆಸಿ ಕತ್ತರಿಸಿ ಡಯಲ್ ಮೇಲೆ ಹಾಸಿ, ಎರಡೂ ಕಡೆಯಿಂದ ಸನ್ನೆಕೋಲು ಕೊಟ್ಟು ಒಟ್ಟಿಗೇ ಒತ್ತಿದೆ. ಟಕ್ ಅಂತ ಎದ್ದವು. ಉಸಿರು ಬಿಟ್ಟದ್ದು ಆಮೇಲೆ.

ಮುಳ್ಳಿನ ನಡುವಿನ ತೂತಿನಲ್ಲಿ ತುಂಬಿರುವ ಹಳೆಯ ಮಿನುಗು ಬಣ್ಣವನ್ನು ಒಣಗಿದ್ದಾಗ ಕೆರೆಯಬಾರದು. ಟ್ರೀಟಿಯಂನ ಕಿರಣ ಚರ್ಮ ದಾಟುವುದಿಲ್ಲ. ಧೂಳು ಮೂಗಿಗೋ ಬಾಯಿಗೋ ಹೋದರೆ ಮಾತ್ರ ಬೇರೆ ಮಾತು. ಮಾಸ್ಕ್, ಗ್ಲವ್ಸ್ ಹಾಕಿ, ಮುಳ್ಳನ್ನು ಮಗುಚಿ, ಒಂದು ಹನಿ ನೀರು ಬಿಟ್ಟು, ಬಿದಿರಿನ ಹಲ್ಲುಕಡ್ಡಿಯಿಂದ ಹಿಂದಿನಿಂದ ತಳ್ಳಿದೆ. ಅವಲಕ್ಕಿಯ ನುಚ್ಚಿನ ಹಾಗೆ ಎರಡು ಚೂರಾಗಿ ಬಂತು. ಒದ್ದೆ ಹತ್ತಿ, ಕಡ್ಡಿ, ಗ್ಲವ್ಸ್ ಎಲ್ಲ ಒಂದು ಕವರಿಗೆ ಹಾಕಿ ಬಾಯಿ ಕಟ್ಟಿದೆ.

ಜುಲೈ 13, 19, 20

ಮೂರು ದಿನವೂ ಪ್ರಾಕ್ಟೀಸ್. ಅಗ್ಗದ ಟೊಳ್ಳು ಮುಳ್ಳುಗಳನ್ನು ಡಬಲ್ ಟೇಪ್ ಅಂಚಿಗೆ ಅಂಟಿಸಿ ತುಂಬುವುದು, ತೊಳೆಯುವುದು, ಮತ್ತೆ ತುಂಬುವುದು. ಪುಡಿ ಮತ್ತು ವಾರ್ನಿಶ್ ಹೆಚ್ಚುಕಡಿಮೆ ಅರ್ಧಕ್ಕರ್ಧ. ಆದರೆ ಲೆಕ್ಕಕ್ಕಿಂತ ಹದ ಮುಖ್ಯ. ನೀರುದೋಸೆ ಹಿಟ್ಟಿನಷ್ಟು ತೆಳುವಾದರೆ ಸೋರಿ ಮುಳ್ಳಿನ ಮುಂಭಾಗಕ್ಕೆ ಬರುತ್ತದೆ. ಕಡುಬಿನ ಹಿಟ್ಟಿನಷ್ಟು ದಪ್ಪವಾದರೆ ನಡುವೆ ಗುಳ್ಳೆ ನಿಲ್ಲುತ್ತದೆ. ಎಣ್ಣೆ ಹಾಕುವ ಸೂಜಿಯ ತುದಿಯಲ್ಲಿ ಒಂದು ಹನಿ ಎತ್ತಿ, ಈ ಅಂಚಿಗೆ ತಾಗಿಸಿ ಆ ಅಂಚಿಗೆ ಎಳೆಯಬೇಕು. ಹದ ಸರಿ ಇದ್ದರೆ ಹನಿ ತಾನೇ ಹರಡಿ ಚರ್ಮದ ಹಾಗೆ ಬಿಗಿದು ನಿಲ್ಲುತ್ತದೆ. ಎರಡನೇ ಸಲ ಮುಟ್ಟಿದರೆ ಕೆಟ್ಟಿತು ಅಂತಲೇ ಅರ್ಥ.

ಬಣ್ಣಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಸುಮ್ನೆ ಸಿ3 ಹಾಕಿದರೆ ಹಗಲಲ್ಲಿ ತಿಳಿಹಸಿರು, ಕೆನೆಬಣ್ಣದ ಡಯಲ್ ಪಕ್ಕ ಹೊಸ ಹಲ್ಲು ಕಟ್ಟಿಸಿದ ಹಾಗೆ ಕಾಣುತ್ತದೆ. ಒಬ್ಬ ಗೆಳೆಯ ಚಹಾದ ಡಿಕಾಕ್ಷನ್ ಸೇರಿಸು ಅಂದ. ನೀರೇ ಆಗದ ಪುಡಿಗೆ ಚಹಾ! ಒಣ ಹಳದಿ ಮತ್ತು ಕಂದು ಬಣ್ಣದ ಪುಡಿ ಸೂಜಿಮೊನೆಯಷ್ಟು ಸೇರಿಸಿದೆ. ಬಣ್ಣ ಸೇರಿದಷ್ಟೂ ಬೆಳಕು ಕಡಿಮೆ, ಹಾಗಾಗಿ ಪೂರ್ತಿ ಹೊಂದಿಸಲು ಹೋಗಲಿಲ್ಲ. ಮಾವನಿಗೆ ಬೇಕಾದದ್ದು ಬೆಳಕು.

ಜುಲೈ 26

ಅಸಲಿ ಮುಳ್ಳುಗಳ ದಿನ. ಗಂಟೆ ಮುಳ್ಳು ಮೊದಲ ಎಳೆತಕ್ಕೇ ಕೂತಿತು. ನಿಮಿಷದ ಮುಳ್ಳಿಗೆ ಹನಿ ಎತ್ತಿದ್ದೇ ತಡ, ಹೊರಗೆ ದಡಾರ್ ಅಂತ ಸಿಡಿಲು. ಕರೆಂಟ್ ಹೋಯಿತು.

ಕೈ ಅಲ್ಲಾಡಿಸದೆ ಕೂತೆ. ಕಣ್ಣು ಕತ್ತಲಿಗೆ ಹೊಂದಿದಾಗ ನೋಡಿದೆ: ಮುಂಗೈ ತುಂಬ ಹಸಿರು ಚುಕ್ಕಿ. ಮೇಜಿನ ಮೇಲೆ, ಚಿಮಟದ ಮೇಲೆ, ಅಂಗಿಯ ಗುಂಡಿಯ ಮೇಲೆ, ಡಯಲ್ ಮುಚ್ಚಿದ್ದ ಡಬ್ಬಿಯ ಮೇಲೂ. ನಾನು ಇಷ್ಟು ದಿನ ಭಾರಿ ಶುಚಿಯಾಗಿ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ ಅಲ್ವಾ! ಬಾಗಿಲಲ್ಲಿ ಅಮ್ಮ ಮೇಣದಬತ್ತಿ ಹಿಡಿದು ನಿಂತು, “ಎಂತ ಇದು, ಮಿಂಚುಹುಳ ಸಾಕಿದ್ದೀಯಾ?” ಅಂದರು.

ಕರೆಂಟ್ ಬರುವಷ್ಟರಲ್ಲಿ ಹನಿ ಸೂಜಿಯಲ್ಲೇ ಗಟ್ಟಿಯಾಗಿತ್ತು. ಆ ದಿನ ಬರೀ ಒರೆಸಿದ್ದೇ ಬಂತು. ಈಗ ಪ್ರತಿ ಸಲ ಕೆಲಸ ಮುಗಿದ ಮೇಲೆ ಬೇಕಂತಲೇ ಲೈಟ್ ಆರಿಸಿ ನೋಡುತ್ತೇನೆ.

ಆಗಸ್ಟ್ 3

ನಿಮಿಷದ ಮುಳ್ಳು ಆಯಿತು. ಬೆಜೆಲ್ ಚುಕ್ಕೆಯ ಗುಳಿಗೂ ಪುಡಿ ತುಂಬಿ, ಮೇಲೆ ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗುವ ಅಂಟು) ಹನಿಸಿ ಗಟ್ಟಿ ಮಾಡಿದೆ. ಅದು ಹೊರಗಿರುವ ಜಾಗ, ಕೈ ತೊಳೆಯುವಾಗ ನೀರು ತಾಗಿಯೇ ತಾಗುತ್ತದೆ. ಕೀ ತಿರುಗಿಸಿ ತಾರೀಕು ಹಾರುವ ಕ್ಷಣ ಹಿಡಿದು, ಎರಡೂ ಮುಳ್ಳನ್ನು 12ಕ್ಕೆ ಸರಿಯಾಗಿ ಕೂರಿಸಿದೆ. ಹಿಂದಿನ ಮುಚ್ಚಳಕ್ಕೆ ಹೊಸ ವಾಶರ್. ಆದರೂ ನೀರಿನ ಪ್ರೆಶರ್ ಟೆಸ್ಟ್ ಆಗುವವರೆಗೆ ಪಣಂಬೂರು ಬೀಚಿಗೆ ಇದನ್ನು ಕಟ್ಟಿಕೊಂಡು ಹೋಗಬೇಡಿ ಅಂತ ಮಾವನಿಗೆ ಹೇಳಿದ್ದೇನೆ.

ರಾತ್ರಿ ಹತ್ತೂವರೆಗೆ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಮಲಗಿದೆ. ಮೊದಲ ಹತ್ತು ನಿಮಿಷ ಕಣ್ಣಿಗೆ ಹೊಡೆಯುವಷ್ಟು ಬೆಳಕು, ಆಮೇಲೆ ಇಳಿಯುತ್ತಾ ಬಂತು. ಟ್ರೀಟಿಯಂ ತನ್ನಷ್ಟಕ್ಕೇ ರಾತ್ರಿಯಿಡೀ ಒಂದೇ ಸಮ ಹೊಳೆಯುತ್ತಿತ್ತು, ಇದು ಹಾಗಲ್ಲ. ನಾಲ್ಕು ಇಪ್ಪತ್ತಕ್ಕೆ ಎದ್ದು ನೋಡಿದೆ. ಮಂಕಾಗಿತ್ತು, ಆದರೆ ಓದಲು ಬಂತು.

ಆಗಸ್ಟ್ 9

ಬೆಳಗ್ಗೆಯೇ ಮಾವನ ಫೋನ್. “ನಾಲ್ಕೂಕಾಲು ಅಂತ ಎದ್ದು, ಮಿಂದು, ಚಹಾ ಮಾಡಿದೆ. ಅತ್ತೆ ಎದ್ದು ಬಂದು, ಮೂರೂವರೆಗೆ ಎಂತ ಮಾಡ್ತಿದ್ದೀರಿ ಅಂತ ಕೇಳಿದ್ಳು!”

ಬೆಜೆಲ್ ತಿರುಗುತ್ತದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ. ದಿಂಬಿಗೆ ಉಜ್ಜಿ ಚುಕ್ಕೆ 11ರ ಜಾಗಕ್ಕೆ ಹೋಗಿದೆ. ಕತ್ತಲಲ್ಲಿ ಅದನ್ನೇ 12 ಅಂದುಕೊಂಡರೆ 3.10 ಅನ್ನುವುದು 4.15ರ ಹಾಗೆ ಕಾಣುತ್ತದೆ.

ಅಂದರೆ ಡಯಲಿನಲ್ಲೇ ಒಂದು ಗುರುತು ಮಿನುಗಬೇಕು. ಹಳೆಯದನ್ನು ಕೆರೆಯದೆ, 12ರ ಗುರುತಿನ ಮೇಲೆ ಮಾತ್ರ ತೆಳುವಾಗಿ ಒಂದು ಹನಿ. ಕೆಟ್ಟ ಡಯಲ್ ಒಂದರ ಮೇಲೆ ಮೊದಲು ಕೈ ಕೂರಿಸಬೇಕು, ಮಳೆ ಸ್ವಲ್ಪ ಬಿಡಲಿ. ಅಲ್ಲಿಯವರೆಗೆ ಮಾವ ದಿನಾ ರಾತ್ರಿ ಬೆಜೆಲ್‌ಗೆ ಸೆಲ್ಲೋಟೇಪ್ ಸುತ್ತಿ ಮಲಗುತ್ತಿದ್ದಾರೆ.