ಅಜ್ಜಿಯ ಕೂದಲು ಎಲ್ಲಿ ಹೋಯ್ತು?

ಫಿಲ್ಮ್ ರೋಲ್ ಅಂಚೆಗೆ ಹಾಕಿ ಒಂಬತ್ತು ದಿನಕ್ಕೆ, ಅದನ್ನು ತೊಳೆದು ಸ್ಕ್ಯಾನ್ ಮಾಡಿದ ಫೋಟೊಗಳ ಲಿಂಕ್ ಲ್ಯಾಬಿನಿಂದ ಬಂತು. ಒಟ್ಟು 36 ಫೋಟೊ. ನಾನು ಮೊದಲು ತೆರೆದದ್ದು 31ನೆಯದು. ಅಜ್ಜಿ ಕಿಟಕಿಗೆ ಬೆನ್ನು ಹಾಕಿ ಕೂತು, ಸೂಜಿಗೆ ದಾರ ಪೋಣಿಸುತ್ತಿದ್ದಾಗ ತೆಗೆದದ್ದು. ಮುಖ ಚೆನ್ನಾಗಿ ಬಂದಿತ್ತು. ಆದರೆ ಅಜ್ಜಿಯ ಬಿಳಿ ಕೂದಲಿಗೂ ಹಿಂದಿನ ಕಿಟಕಿಗೂ ಗಡಿಯೇ ಇರಲಿಲ್ಲ. ಎರಡೂ ಸೇರಿ ಒಂದೇ ಬಿಳಿ. ಮುಖದ ನೆರಳಿಗೆ ಲೆಕ್ಕ ಹಿಡಿದು ಬೆಳಕು ಜಾಸ್ತಿ ಬಿಟ್ಟೆ, ಎಲ್ಲ ಹಾಳಾಯ್ತು ಅಂತ ನನ್ನನ್ನೇ ಬೈದುಕೊಂಡೆ.

ಇನ್ನೊಂದು ವಾರಕ್ಕೆ ನೆಗೆಟಿವ್ ಬಂತು. ಆರಾರು ಫೋಟೊಗಳ ಆರು ಪಟ್ಟಿ. ಕೊನೆಯ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು ಅಲ್ವಾ, ಅಜ್ಜಿಗೆ ಕಪ್ಪು ಕೂದಲು! ಭೂತಗನ್ನಡಿ ಇಟ್ಟು ನೋಡಿದರೆ ಎಳೆ ಎಳೆಯಾಗಿ ಕಾಣುತ್ತಿದೆ. ಕಿಟಕಿ ಇನ್ನೂ ಕಪ್ಪು, ಕೂದಲು ಅದಕ್ಕಿಂತ ಒಂದಿಷ್ಟು ತೆಳು. ಅಂದರೆ ಫಿಲ್ಮ್ ಎಲ್ಲವನ್ನೂ ಹಿಡಿದಿತ್ತು. ಕಳೆದದ್ದು ಸ್ಕ್ಯಾನ್‌ನಲ್ಲಿ.

ರೋಲ್ ತೊಳೆಯುವುದರಲ್ಲಿ ಸಾಮಾನ್ಯವಾಗಿ ಯಾರ ರುಚಿಯೂ ಸೇರುವುದಿಲ್ಲ. ಕಲರ್ ನೆಗೆಟಿವ್ ಯಾವ ಕಂಪನಿಯದಾದರೂ ಹೆಚ್ಚಾಗಿ ಸಿ-41 ಅನ್ನುವ ಒಂದೇ ತೊಳೆಯುವ ವಿಧಾನ. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಸುಮಾರು 38 ಡಿಗ್ರಿ, 3 ನಿಮಿಷ 15 ಸೆಕೆಂಡ್. ಸ್ಕ್ಯಾನಿಂಗ್ ಹಾಗಲ್ಲ. ಫಿಲ್ಮಿನ ಕಿತ್ತಳೆ ಬಣ್ಣ ಕಳೆದು, ಚಿತ್ರ ತಿರುಗಿಸಿ, ಎಷ್ಟು ಬೆಳಕು, ಎಷ್ಟು ಕಾಂಟ್ರಾಸ್ಟ್ (ಕಪ್ಪು-ಬಿಳಿಯ ಅಂತರ) ಅಂತ ಯಾರಾದರೂ ಲೆಕ್ಕ ಹಾಕಲೇಬೇಕು. ಒಂದೋ ಯಂತ್ರ, ಇಲ್ಲ ಅದರ ಮುಂದೆ ಕೂತವರು. ಅವರಿಗೆ ನಮ್ಮ ಅಜ್ಜಿಯ ಕೂದಲು ಮುಖ್ಯ ಅಂತ ಹೇಗೆ ಗೊತ್ತಾಗಬೇಕು?

1888ರಲ್ಲಿ ಕೊಡಾಕ್ ಕ್ಯಾಮೆರಾ ಬಂದಾಗ ಜನ 100 ಫೋಟೊ ತೆಗೆದು, ಇಡೀ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸುತ್ತಿದ್ದರು. ಬಟನ್ ನೀವು ಒತ್ತಿ, ಉಳಿದದ್ದು ನಮಗೆ ಬಿಡಿ ಅನ್ನೋದು ಅವರ ಜಾಹೀರಾತು. ನನ್ನ ತಕರಾರು ಆ ‘ಉಳಿದದ್ದು’ ಅನ್ನುವುದರ ಬಗ್ಗೆಯೇ.

ಲ್ಯಾಬಿಗೆ ಬರೆದೆ. ಪಟ್ಟಿ ವಾಪಸ್ ಕಳಿಸಿ, ಮತ್ತೆ ಸ್ಕ್ಯಾನ್ ಮಾಡ್ತೀವಿ ಅಂದರು. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿದೆ. ಜೊತೆಗೊಂದು ಚೀಟಿ: ‘ಕಾಂಟ್ರಾಸ್ಟ್ ಕಡಿಮೆ ಇರಲಿ, ಬಿಳಿ ಭಾಗ ಉಳಿಸಿ, ಟಿಫ್ ಫೈಲ್ ಕೊಡಿ.’ ಟಿಫ್ ಅಂದರೆ ಜೆಪೆಗ್‌ಗಿಂತ ಹೆಚ್ಚು ವಿವರ ಉಳಿಸುವ ಫೈಲ್. ಈಗ ಪ್ರತಿ ರೋಲಿನ ಜೊತೆಗೂ ಇಂಥದ್ದೊಂದು ಚೀಟಿ ಹೋಗುತ್ತದೆ. ಐಎಸ್‌ಒ (ಬೆಳಕು ಹಿಡಿಯುವ ವೇಗ) 400ರ ಫಿಲ್ಮನ್ನು ಕ್ಯಾಮೆರಾದಲ್ಲಿ 800 ಅಂತ ಇಟ್ಟು ತೆಗೆದಿದ್ದರೆ, ಹೆಚ್ಚು ಹೊತ್ತು ತೊಳೆಯಲಿ ಅಂತ ಅದನ್ನು ಡಬ್ಬಿಯ ಮೇಲೇ ಬರೆಯುತ್ತೇನೆ. ಚೀಟಿ ಕಳೆದುಹೋಗಬಹುದು, ಡಬ್ಬಿ ಹೋಗಲ್ಲ.

ಫಾರ್ಮಿನಲ್ಲಿ ‘ನೆಗೆಟಿವ್ ವಾಪಸ್ ಬೇಕು’ ಅನ್ನುವ ಪುಟ್ಟ ಚೌಕ ಇದ್ದರೆ ದಯವಿಟ್ಟು ಗುರುತು ಹಾಕಿ. ಹಿಂದೊಮ್ಮೆ ಬೇರೊಂದು ಲ್ಯಾಬಿಗೆ ಕಳಿಸುವಾಗ ನಾನು ಹಾಕಿರಲಿಲ್ಲ. ಅವರು ಎಸೆದುಬಿಟ್ಟರು. ಆ ರೋಲಿನದು ಈಗ ಸಣ್ಣ ಜೆಪೆಗ್‌ಗಳು ಮಾತ್ರ ಉಳಿದಿವೆ, ದೊಡ್ಡದು ಮಾಡಿದರೆ ಬರೀ ಚೌಕಳಿ.

ಹಾಂ, ಕಪ್ಪು ಬಿಳುಪು ಸ್ಕ್ಯಾನ್‌ನಲ್ಲಿ ದೂಳು ಕಂಡರೆ ತಕ್ಷಣ ಬೈಯಬೇಡಿ. ಕಲರ್ ಫಿಲ್ಮಿನ ದೂಳನ್ನು ಸ್ಕ್ಯಾನರ್ ಇನ್‌ಫ್ರಾರೆಡ್‌ನಿಂದ ಪತ್ತೆ ಹಚ್ಚಿ ಅಳಿಸುತ್ತದೆ. ಸಾಮಾನ್ಯ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ, ಅದೂ ಆ ಬೆಳಕನ್ನು ತಡೆಯುತ್ತದೆ. ಯಾವುದು ದೂಳು, ಯಾವುದು ಚಿತ್ರ ಅಂತ ಯಂತ್ರಕ್ಕೆ ತಿಳಿಯಲ್ಲ.

ಎರಡನೇ ಸ್ಕ್ಯಾನ್ ಬಂತು. ಮೊದಲ ನೋಟಕ್ಕೆ ಮಂಕು, ಸಪ್ಪೆ. ಹತ್ತು ನಿಮಿಷ ಕೂತು ಸರಿಮಾಡಿದೆ. ಕಿವಿ ಹಿಂದಿನ ಕೂದಲು, ಕನ್ನಡಕದ ಮೇಲೆ ಇಳಿದಿದ್ದ ಒಂದು ಎಳೆ, ಎಲ್ಲ ಬಂದವು. ಅಜ್ಜಿಗೆ ಓಡಿಹೋಗಿ ತೋರಿಸಿದೆ. ಸುಮ್ನೆ ಒಂದ್ಸಲ ನೋಡಿ ‘ಚೆನ್ನಾಗಿದೆ’ ಅಂದರು. ಆಮೇಲೆ ನೆಗೆಟಿವ್ ಪಟ್ಟಿ ಕೈಗೆ ತಗೊಂಡು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

‘ಇದನ್ನೇ ಪ್ರಿಂಟ್ ಹಾಕಿಸು ಮಗಾ. ಇದರಲ್ಲಿ ಕೂದಲು ಕಪ್ಪಗಿದೆ.’