ಆಗುಂಬೆ ಹತ್ತಿದ್ದು ಸುಲಭ, ಇಳಿದದ್ದೇ ಕಷ್ಟ

ಇಟಲಿ ಗಾಡಿ ಅಂತ ನಾವು ಊರಿಡೀ ಹೇಳಿಕೊಂಡು ತಿರುಗುವುದು ಹೌದು. ಆದರೆ ಹಳೇ ಸ್ಕೂಟರಿನವರ ನಮ್ಮ ಗುಂಪಿನ ಒಂದು ಗಾಡಿಯೂ ಇಟಲಿಯಲ್ಲಿ ಜೋಡಿಸಿದ್ದಲ್ಲ. ನನ್ನ ಲ್ಯಾಂಬ್ರೆಟ್ಟಾ ಎಲ್‌ಐ 150 ಮುಂಬೈಯದ್ದು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯರದ್ದು ಬಜಾಜ್ 150, ವೆಸ್ಪಾದ ಪುಣೆ ರೂಪ. ಬೇಕರಿ ಗೆಳೆಯನ ವಿಜಯ್ ಸೂಪರ್ ಲಕ್ನೋದ್ದು. ಇನ್ನೊಚೆಂಟಿ ಕಂಪನಿಯವರು ಮಿಲಾನಿನಲ್ಲಿ ಲ್ಯಾಂಬ್ರೆಟ್ಟಾ ಮಾಡುವುದನ್ನು ನಿಲ್ಲಿಸಿದ ಮೇಲೆ ಅಲ್ಲಿಯ ಯಂತ್ರಗಳನ್ನೇ ನಮ್ಮ ಸರ್ಕಾರ ಖರೀದಿಸಿತು. 1972ರಲ್ಲಿ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಶುರುವಾದದ್ದು ಹಾಗೆ. ಇನ್ನು ಮಣಿಪಾಲದ ಹಲ್ಲಿನ ಡಾಕ್ಟ್ರ ಡುಕಾಟಿ ಮಾನ್‌ಸ್ಟರ್ 795. ಅದಾದರೂ ಅಸಲಿ ಅಂದುಕೊಂಡರೆ, ಅದನ್ನು ಜೋಡಿಸಿದ್ದು ಥಾಯ್ಲೆಂಡಿನಲ್ಲಿ!

ಹಾಗಾಗಿಯೋ ಏನೋ, ಆಗುಂಬೆಗೆ ಹೊರಡುವುದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಎದುರಿನಿಂದಲೇ ಅಂತ ಹಿರಿಯರ ಹಟ. ಅಲ್ಲಿಯ ಗೋಡೆ, ಛಾವಣಿಗಳ ಚಿತ್ರ ಬರೆದವರು ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ, 1899ರಿಂದ 1901ರ ನಡುವೆ. "ಮಂಗಳೂರಿನಲ್ಲಿ ಅಸಲಿ ಇಟಲಿ ಕೆಲಸ ಉಂಟಂದ್ರೆ ಅದು ಇಲ್ಲೇ ಮಾರಾಯ್ರೆ" ಅನ್ನುತ್ತಾರೆ. ನಮ್ಮ ಕಡೆಗೆ ಇಟಲಿಯವರು ಬಂದದ್ದು ಅದಕ್ಕೂ ಎಷ್ಟೋ ಮೊದಲು ಬಿಡಿ. ರೋಮ್‌ನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲೇ ಬಂದು ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕಂಡು ಮಾತಾಡಿಸಿ ಹೋಗಿದ್ದ.

ಜನವರಿಯ ಭಾನುವಾರ. ಬೆಳಿಗ್ಗೆ ಸಣ್ಣ ಚಳಿ. ಮೊದಲ ನಿಲುಗಡೆ ಪೆಟ್ರೋಲ್ ಬಂಕ್. ನಮ್ಮ ಸ್ಕೂಟರುಗಳದ್ದು ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೇ ಟೂಟಿ ಆಯಿಲ್ ಬೆರೆಸಬೇಕು. ಹಿಂದೆ ಬಂಕ್‌ನಲ್ಲೇ ಟೂಟಿ ಆಯಿಲ್ ಹಾಕಿ ಕೊಡುತ್ತಿದ್ದರು. ಈಗಿನ ಹುಡುಗರಿಗೆ ಅದೇನಂತಲೇ ಗೊತ್ತಿಲ್ಲ. ಬಾಟಲಿ, ಅಳತೆ ಲೋಟ ನಾವೇ ತರಬೇಕು. ನನ್ನ ಗಾಡಿಗೆ ಲೀಟರಿಗೆ 40 ಮಿಲಿ. ಹೊಸ ಆಯಿಲ್‌ಗೆ ಅಷ್ಟು ಬೇಡ, ಹೊಗೆ ಜಾಸ್ತಿ ಆಗುತ್ತದೆ ಅನ್ನುವವರಿದ್ದಾರೆ. ಹೊಗೆ ಬರಲಿ, ಆಯಿಲ್ ಸಾಲದೆ ಪಿಸ್ಟನ್ ಕಚ್ಚಿ ಹಿಡಿಯುವುದಕ್ಕಿಂತ ವಾಸಿ ಅಲ್ವಾ? ಹಾಕಿದ ಮೇಲೆ ಗಾಡಿಯನ್ನು ಎಡಕ್ಕೆ ಬಲಕ್ಕೆ ಚೆನ್ನಾಗಿ ಅಲ್ಲಾಡಿಸಬೇಕು. ಎಥೆನಾಲ್ ಸೇರಿದ ಈಗಿನ ಪೆಟ್ರೋಲ್ ಇನ್ನೊಂದು ತಲೆನೋವು. ಅದು ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಉಬ್ಬಿಸುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರವೇ! ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನಾನು ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಖಾಲಿ ಮಾಡಿಯೇ ಇಡುತ್ತೇನೆ.

ನಂತೂರು, ಕುಲಶೇಖರ, ವಾಮಂಜೂರು ದಾಟಿ ಗುರುಪುರ. ಕೈಕಂಬದಿಂದ ಮುಂದೆ ರಸ್ತೆ ಕಾಮಗಾರಿಯ ಧೂಳು. ಎದುರಿನಿಂದ ಕಂಬಳ ಮುಗಿಸಿ ಬರುವ ಕೋಣಗಳ ಲಾರಿಗಳು, ಅವುಗಳ ಹಿಂದೆ ನಿದ್ದೆಗಣ್ಣಿನ ಬೈಕುಗಳು. ಮೂಡುಬಿದಿರೆಯಲ್ಲಿ ಚಹಾ, ಅಷ್ಟೇ. ಸಾವಿರ ಕಂಬದ ಬಸದಿಗೆ ಇನ್ನೊಮ್ಮೆ ಹೋಗುವ ಅಂತ ಮಾತಾಯಿತು. ಪ್ರತಿ ಸಲವೂ ಆಗುತ್ತದೆ.

ಕಾರ್ಕಳ ಸಮೀಪಿಸುವಾಗ ಬಜಾಜ್ ಮಿಸ್ ಹೊಡೆಯಲು ಶುರುವಾಯಿತು. ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ ಕಾಣುವ ಕಡೆ, ಮರದ ನೆರಳಿನಲ್ಲಿ ನಿಲ್ಲಿಸಿದೆವು. 1432ರಿಂದ ನಿಂತೇ ಇರುವವನ ಎದುರು ನಾವು ಅರ್ಧ ಗಂಟೆ ನಿಂತರೇನು! ಪ್ಲಗ್ ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಹಳದಿ, ಅದೂ ಬಂದರೆ ಬಂತು. ನೀಲಿ ಇರಬೇಕಿತ್ತು. ತೊಂದರೆ ಪಾಯಿಂಟ್ಸ್‌ನದ್ದು, ಅಂದರೆ ಕಿಡಿಗಾಗಿ ಕರೆಂಟ್ ಕೂಡಿಸಿ ಬಿಡಿಸುವ ಎರಡು ಪುಟ್ಟ ಲೋಹದ ತುದಿಗಳದ್ದು ಅಂತ ಹಿರಿಯರಿಗೆ ಆಗಲೇ ಗೊತ್ತಾಯಿತು. ಫ್ಯಾನ್ ಕವರ್ ತೆಗೆದರು. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಚಕ್ರದಲ್ಲಿ ಸಣ್ಣ ಕಿಟಕಿಯಂಥ ತೂತುಗಳಿರುತ್ತವೆ, ಪಾಯಿಂಟ್ಸ್ ನೋಡುವುದು, ಸರಿಮಾಡುವುದು ಎಲ್ಲ ಅದರೊಳಗಿಂದಲೇ. ಹಿರಿಯರ ಕನ್ನಡಕ ಜಾರುತ್ತಿತ್ತು, ಒಳಗೆ ಕತ್ತಲೆ. ಆಗ ಡಾಕ್ಟ್ರು ಸುಮ್ನೆ ತಮ್ಮ ಬ್ಯಾಗಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದರು. ಅದನ್ನು ತೂತಿನೊಳಗೆ ಓರೆಯಾಗಿ ಹಿಡಿದು, ಮೊಬೈಲಿನ ಬೆಳಕು ಬಿಟ್ಟು, "ಹುಳುಕು ಉಂಟು" ಅಂದರು. ನಿಜಕ್ಕೂ ಇತ್ತು. ಪಾಯಿಂಟಿನ ಒಂದು ಮುಖದಲ್ಲಿ ಸಣ್ಣ ಗುಳಿ, ಇನ್ನೊಂದರಲ್ಲಿ ಬೂದುಬಣ್ಣದ ಗಂಟು. ನಯವಾದ ಎಮರಿ ಪೇಪರನ್ನು ಮಡಚಿ ನಡುವೆ ಎಳೆದರು. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ವಿಸಿಟಿಂಗ್ ಕಾರ್ಡ್‌ನಿಂದ ಒರೆಸಿದರು. ಎಮರಿ ಪುಡಿ ಉಳಿದರೆ ಮತ್ತೆ ಅದೇ ಕಥೆ. ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿ ಇಟ್ಟು ಪಾಯಿಂಟಿನ ಸಂದನ್ನು 0.4 ಮಿಲಿಮೀಟರ್‌ಗೆ ಹೊಂದಿಸಿ, ಸ್ಕ್ರೂ ಬಿಗಿದು, ಮತ್ತೊಮ್ಮೆ ಅಳೆದರು. ಬಿಗಿಯುವಾಗ ಅದು ಸ್ವಲ್ಪ ಸರಿದೇ ಸರಿಯುತ್ತದೆ. ಎರಡನೇ ಕಿಕ್‌ಗೆ ಗಾಡಿ ಶುರು. ಡಾಕ್ಟ್ರು ಫೀಸ್ ಕೇಳಿದರು, ಬೇಕರಿಯವನು ಒಂದು ಬಿಸ್ಕತ್ ಪೊಟ್ಟಣ ಕೊಟ್ಟ.

ಅಜೆಕಾರು, ಮುನಿಯಾಲು ದಾಟಿ ಹೆಬ್ರಿಗೆ ಹೋಗುವ ದಾರಿ ಈ ಗಾಡಿಗಳಿಗೆಂದೇ ಮಾಡಿದಂತಿದೆ. ಗಂಟೆಗೆ ಐವತ್ತು ಕಿಲೋಮೀಟರ್, ಅಡಿಕೆ ತೋಟ, ಗೇರು ಗುಡ್ಡೆ, ಟ್ರಾಫಿಕ್ ಇಲ್ಲ. ವೆಸ್ಪಾದ ಎಂಜಿನ್ ಬಲಬದಿಗೆ ತೂಗುತ್ತದೆ, ಲ್ಯಾಂಬ್ರೆಟ್ಟಾದ್ದು ಮಧ್ಯದಲ್ಲಿದೆ. ಹಾಗಾಗಿ ತಿರುವಿನಲ್ಲಿ ನನ್ನದೇ ಮೇಲು ಅಂತ ನಾನು. ಚಕ್ರ ಬಿಚ್ಚುವಾಗ, ಕೇಬಲ್ ಹಾಕುವಾಗ ಯಾವುದು ಸುಲಭ ಹೇಳಿ ಅಂತ ಹಿರಿಯರು. ಈ ಜಗಳ ನಮ್ಮ ಕಾಲದಲ್ಲಿ ಮುಗಿಯುವುದಿಲ್ಲ.

ಸೋಮೇಶ್ವರದಿಂದ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು. ಹತ್ತುವುದಕ್ಕೆ ಎಲ್ಲರೂ ಹೆದರುತ್ತಾರೆ, ಹೆದರಬೇಕಾದ್ದಿಲ್ಲ. ಸೆಕೆಂಡ್ ಗೇರಿನಲ್ಲಿ, ತೀರಾ ಕಡಿದಾದಲ್ಲಿ ಫಸ್ಟಿಗೆ ಇಳಿಸಿ, ಆಕ್ಸಿಲರೇಟರ್ ತಿರುಗಿಸಿಕೊಂಡೇ ಹೋದರೆ ಸಾಕು. ಪೆಟ್ರೋಲ್ ಹರಿಯುತ್ತಿದ್ದರೆ ಆಯಿಲೂ ಹರಿಯುತ್ತಿರುತ್ತದೆ. ಫ್ಲೈವೀಲಿನ ರೆಕ್ಕೆಗಳು ಸಿಲಿಂಡರಿಗೆ ಗಾಳಿ ಊದುತ್ತವೆ. ಆ ಗಾಳಿಗೆ ದಾರಿ ತೋರಿಸುವ ತಗಡಿನ ಕವಚ ಮಾತ್ರ ಸರಿಯಾಗಿ ಕೂತಿರಬೇಕು. ಚೆಂದ ಕಾಣಲಿ ಅಂತ ಅದನ್ನು ತೆಗೆದು ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಷ್ಟವಾದದ್ದು ಡುಕಾಟಿಗೆ. 803 ಸಿಸಿಯ ಎರಡು ಸಿಲಿಂಡರ್ ಕಟ್ಟಿಕೊಂಡು ನಮ್ಮ ಹೊಗೆಯ ಹಿಂದೆ ತೆವಳಬೇಕಲ್ಲ. ತೊಡೆ ಬೇಯುತ್ತಿದೆ ಅಂತ ಹೇಳಿ ಡಾಕ್ಟ್ರು ಮುಂದೆ ಹೋಗಿಬಿಟ್ಟರು. ಮೇಲೆ ನಾವು ಮುಟ್ಟುವಾಗ ಅವರದ್ದು ಕಾಫಿ ಮುಗಿದಿತ್ತು.

ಆಗುಂಬೆಯಲ್ಲಿ ಊಟ ಮಾಡಿ ಹೊರಟೆವು. ಸೂರ್ಯಾಸ್ತಕ್ಕೆ ಕಾಯಲಿಲ್ಲ. ಆರು ವೋಲ್ಟಿನ ಹೆಡ್‌ಲೈಟ್ ನಂಬಿ ಘಾಟಿ ಇಳಿಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಇಳಿಯುವುದೇ ನಿಜವಾದ ಪರೀಕ್ಷೆ. ಬೇರೆ ಗಾಡಿಗಳಲ್ಲಿ ಸಣ್ಣ ಗೇರ್ ಹಾಕಿ, ಆಕ್ಸಿಲರೇಟರ್ ಬಿಟ್ಟು, ಎಂಜಿನ್ ಹಿಡಿತದಲ್ಲೇ ಇಳಿಯಬಹುದು. ಅದೇ ಸರಿ ಕೂಡ. ಟೂ ಸ್ಟ್ರೋಕ್‌ನಲ್ಲಿ ಹಾಗೆ ಬಹಳ ಹೊತ್ತು ಇಳಿದರೆ ಅಪಾಯ. ಪೆಟ್ರೋಲ್ ಜೊತೆಗೇ ಆಯಿಲ್ ಹೋಗುವುದಲ್ವಾ? ಆಕ್ಸಿಲರೇಟರ್ ಮುಚ್ಚಿದರೆ ಎರಡೂ ಕಡಿಮೆ. ಆದರೆ ಚಕ್ರ ಎಂಜಿನನ್ನು ತಿರುಗಿಸುತ್ತಲೇ ಇರುತ್ತದೆ. ಪಿಸ್ಟನ್ ಅಷ್ಟೇ ವೇಗದಲ್ಲಿ ಓಡುತ್ತದೆ, ಎಣ್ಣೆ ಹಾಕದ ಕಾವಲಿಗೆ ದೋಸೆ ಹೊಯ್ದ ಹಾಗೆ ಆಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಹೊತ್ತಿಗೆ ಕ್ಲಚ್ ಹಿಡಿದು, ಒಮ್ಮೆ ರೊಂಯ್ ಅನ್ನಿಸಿ, ಮತ್ತೆ ಕ್ಲಚ್ ಬಿಡಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಕಂಡರೆ ಸಮಾಧಾನ. ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಬುದ್ಧಿವಂತರೂ ಇದ್ದಾರೆ. ಎರಡು ಸಣ್ಣ ಡ್ರಮ್ ಬ್ರೇಕ್ ನಂಬಿ ಆಗುಂಬೆ ಇಳಿಯುವ ಅವರ ಜೊತೆ ನಾನಂತೂ ಹೋಗುವುದಿಲ್ಲ.

ಏಳನೇ ತಿರುವಿನ ಹೊತ್ತಿಗೆ ಬ್ರೇಕ್ ಲೈನರಿನ ಸುಟ್ಟ ವಾಸನೆ. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿತ್ತು. ನಡುವೆ ಅಂತರ ಬಿಟ್ಟುಕೊಂಡು, ಬಸ್ ಬಂದಲ್ಲಿ ಪೂರ್ತಿ ನಿಂತು ಇಳಿದೆವು. ಕಟ್ಟೆಗಳ ಮೇಲೆ ಮಂಗಗಳು ಸಾಲಾಗಿ ಕೂತಿದ್ದವು, ಬೇಕರಿಯವನ ಬ್ಯಾಗಿನ ಮೇಲೇ ಅವುಗಳ ಕಣ್ಣು. ಸೋಮೇಶ್ವರದಲ್ಲಿ ನಿಂತು ಹಿಂದಿನ ಡ್ರಮ್ಮಿಗೆ ಬಾಟಲಿಯಿಂದ ಎರಡು ಹನಿ ನೀರು ಬಿಟ್ಟೆ. ಚುಂಯ್ ಅಂತ ಹಾರಿ ಹೋಯಿತು. ಮತ್ತೊಂದು ಹನಿ ಡ್ರಮ್ ಮೇಲೆ ನಿಲ್ಲುವ ತನಕ ಯಾರೂ ಹೊರಡಲಿಲ್ಲ.

ಉಡುಪಿ ರಥಬೀದಿ ಹತ್ತಿರ ಗೋಳಿಬಜೆ, ಬನ್ಸ್. ಹೊರಗೆ ಗಾಡಿಗಳ ಸುತ್ತ ಜನ. ನಮ್ಮ ಅಪ್ಪನ ಹತ್ರ ಇತ್ತು, ಮಾವನ ಹತ್ರ ಇತ್ತು, ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ದೆವು ಅಂತ ಒಬ್ಬೊಬ್ಬರದ್ದು ಒಂದೊಂದು ಕಥೆ. ಲಕ್ಷಗಟ್ಟಲೆ ಬೆಲೆಯ ಕೆಂಪು ಡುಕಾಟಿಗೆ ಒಬ್ಬರು ಒರಗಿ ನಿಂತು ಬಜಾಜಿನ ಫೋಟೊ ತೆಗೆಯುತ್ತಿದ್ದರು. ಡಾಕ್ಟ್ರು ಅದನ್ನು ನೋಡುತ್ತಾ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಹೊರಡುವಾಗ ಅವರೇ ವಿಷಯ ತೆಗೆದರು. ಕುಂದಾಪುರದಲ್ಲಿ ಒಂದು ಎಲ್‌ಎಂಎಲ್ ವೆಸ್ಪಾ ಮಾರಲಿಕ್ಕೆ ಉಂಟಂತೆ, ಸಮುದ್ರದ ಬದಿಯ ಮನೆಯಂತೆ, ಪೇಂಟ್ ಹೊಳೆಯುತ್ತದಂತೆ. ಹಿರಿಯರು ತಕ್ಷಣ ಬೆರಳು ಮಡಚತೊಡಗಿದರು. ಪೇಂಟ್ ನೋಡಬೇಡಿ. ಗಾಡಿ ಮಲಗಿಸಿ ಫುಟ್‌ಬೋರ್ಡಿನ ಅಡಿಭಾಗ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಟಣ್ ಅಂದರೆ ತಗಡು, ದಬ್ ಅಂದರೆ ತುಕ್ಕು ಮುಚ್ಚಲು ಮೆತ್ತಿದ ಪುಟ್ಟಿ. ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗಬೇಕು. ಹದಿನೈದು ವರ್ಷ ದಾಟಿದ್ದಕ್ಕೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಿದೆಯಾ ನೋಡಿ, ಇಲ್ಲದಿದ್ದರೆ ಆರ್‌ಟಿಒಗೆ ಅಲೆಯುವುದು ನೀವೇ. ಬುಧವಾರ ಕ್ಲಿನಿಕ್ಕಿಗೆ ರಜೆ ಹಾಕುತ್ತೇನೆ ಅಂದರು ಡಾಕ್ಟ್ರು. ಸ್ಕ್ರೂಡ್ರೈವರ್ ನಾನು ತರುತ್ತೇನೆ ಅಂದೆ. ಆ ಕನ್ನಡಿಯನ್ನೂ ಮರೆಯಬೇಡಿ ಅಂತ ಹಿರಿಯರು ಕಿಕ್ ಹೊಡೆದರು.