ಅಲ್ಲವೆಂದವರಿಗೆ ಗಲ್ಲು

ಬೋಸ್ಟನ್ನಿನ ಹತ್ತಿರ ಹವ್ಯಾಸಿ ತಂಡವೊಂದು ಆಡಿದ ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ಎಂಬ, ಮಾಟದ ಆರೋಪಗಳ ವಿಚಾರಣೆಯ ನಾಟಕದ ಕಥೆ ನನಗೆ ಮೊದಲೇ ಗೊತ್ತಿದ್ದರೂ, ಮೂರನೆಯ ಅಂಕದ ನ್ಯಾಯಾಲಯದ ದೃಶ್ಯವನ್ನು ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಊರವರ ಮೇಲೆ ಮಾಟದ ಆರೋಪ ಹೊರಿಸುವ ಹುಡುಗಿಯರ ಮುಂದಾಳು ಅಬಿಗೇಲ್ ಇದ್ದಕ್ಕಿದ್ದಂತೆ ಸೂರಿನತ್ತ ನೋಡಿ, ಅಲ್ಲಿ ಹಕ್ಕಿಯೊಂದು ಕೂತಿದೆಯೆಂದೂ ಅದು ಆ ಆರೋಪಗಳೆಲ್ಲ ಸುಳ್ಳೆಂದು ಹೇಳಲು ಬಂದ ಮೇರಿ ವಾರೆನ್ ಕಳಿಸಿದ ಮಾಯೆಯೆಂದೂ ಚೀರುತ್ತಾಳೆ. ‘ನಿಲ್ಲಿಸಿ’ ಎಂದು ಮೇರಿ ಅಂಗಲಾಚಿದರೆ ಹುಡುಗಿಯರೆಲ್ಲ ಒಂದೇ ದನಿಯಲ್ಲಿ ‘ನಿಲ್ಲಿಸಿ’ ಎನ್ನುತ್ತಾರೆ. ತನ್ನ ಮಾತೇ ತನಗೆ ಎದುರಾಗಿ ಬರುವುದನ್ನು ತಾಳಲಾರದೆ ಆ ಹುಡುಗಿ ಕೊನೆಗೆ ಯಾರ ಪರವಾಗಿ ಸಾಕ್ಷಿ ಹೇಳಲು ಬಂದಿದ್ದಳೋ ಆ ಕಥಾನಾಯಕ ಜಾನ್ ಪ್ರಾಕ್ಟರನ ಕಡೆಗೇ ಬೆರಳು ತೋರಿಸಿ, ಅಬಿಗೇಲಳ ತೋಳಿಗೆ ಹೋಗಿ ಬೀಳುತ್ತಾಳೆ. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಗೆ ಮಾಡದೆ ಅವಳಿಗೆ ಬೇರೆ ದಾರಿಯನ್ನೇ ಆ ಸಭೆ ಉಳಿಸಿರಲಿಲ್ಲ.

1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಮ್‌ನಲ್ಲಿ ನಿಜವಾಗಿ ನಡೆದದ್ದೂ ಇದೇ. ಆರೋಪಿಯ ಆಕೃತಿ ಬಂದು ತಮ್ಮನ್ನು ಹಿಂಸಿಸಿತೆಂದು ದೂರುದಾರರು ಹೇಳಿದರೆ ನ್ಯಾಯಾಲಯ ಅದನ್ನೇ ಸಾಕ್ಷ್ಯವೆಂದು ಸ್ವೀಕರಿಸುತ್ತಿತ್ತು. ತಾನು ಮಾಟಗಾತಿಯೆಂದು ಒಪ್ಪಿ ಇನ್ನಷ್ಟು ಹೆಸರು ಹೇಳಿದವರಿಗೆ ಜೀವ ಉಳಿಯುತ್ತಿತ್ತು, ಅಲ್ಲವೆಂದವರು ಗಲ್ಲಿಗೇರುತ್ತಿದ್ದರು. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಮೊದಲು ತಪ್ಪೊಪ್ಪಿಕೊಂಡು, ಆಮೇಲೆ ಅದು ಸುಳ್ಳೆಂದು ಹೇಳಿದ್ದಕ್ಕೇ ಪ್ರಾಣ ಕಳೆದುಕೊಂಡ. ಹೀಗೆ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಗೆ ಒಪ್ಪದ ಮುದುಕ ಜೈಲ್ಸ್ ಕೋರಿಯ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಮಿಲ್ಲರ್ ಇದನ್ನು 1953ರಲ್ಲಿ ರಂಗಕ್ಕೆ ತಂದಾಗ ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಜನರನ್ನು ಕರೆಸಿ ಹೆಸರು ಹೇಳಿಸುತ್ತಿದ್ದರು. 1956ರಲ್ಲಿ ಸಂಸತ್ತಿನ ಸಮಿತಿ ಸ್ವತಃ ಮಿಲ್ಲರರನ್ನೇ ಕರೆಸಿತು. ಅವರು ಬೇರೆಯವರ ಹೆಸರು ಹೇಳಲು ನಿರಾಕರಿಸಿದರು.

ಮರುದಿನ ನಾನು ಡ್ಯಾನ್ವರ್ಸ್‌ಗೆ ಹೋದೆ. ಅಂದಿನ ಸೇಲಮ್ ಹಳ್ಳಿಯೇ ಇಂದಿನ ಡ್ಯಾನ್ವರ್ಸ್. ಮಾಟದ ಆರೋಪಕ್ಕೆ ಗುರಿಯಾದ ರೆಬೆಕಾ ನರ್ಸ್ ಬಾಳಿದ ಮನೆ ಇನ್ನೂ ಅಲ್ಲಿದೆ. ಎಪ್ಪತ್ತು ದಾಟಿದ್ದ, ಕಿವಿ ಮಂದವಾಗಿದ್ದ ಆ ಮುದುಕಿಯನ್ನು ಜ್ಯೂರಿ ಮೊದಲು ನಿರ್ದೋಷಿಯೆಂದೇ ಹೇಳಿತ್ತು. ದೂರುದಾರರು ಬೊಬ್ಬೆ ಹಾಕಿದರು. ನ್ಯಾಯಾಧೀಶರು ಮತ್ತೆ ಯೋಚಿಸಿರೆಂದರು. ಜ್ಯೂರಿಯ ಮುಖ್ಯಸ್ಥ ಕೇಳಿದ ಪ್ರಶ್ನೆ ಸರಿಯಾಗಿ ಕೇಳಿಸದೆ ಆಕೆ ಸುಮ್ಮನಿದ್ದದ್ದೇ ಅಪರಾಧಕ್ಕೆ ಪುರಾವೆಯಾಯಿತು. ಜುಲೈ 19ರಂದು ಆಕೆಯನ್ನು ಗಲ್ಲಿಗೇರಿಸಿದರು.

ಹೊಲದಂಚಿನ ಸ್ಮಶಾನದಲ್ಲಿ ಆಕೆಯ ಸ್ಮಾರಕದ ಬಳಿ, ಮನವಿಗೆ ಸಹಿ ಮಾಡಿ ಆಕೆಯ ಪರವಾಗಿ ನಿಂತ ಸುಮಾರು 40 ನೆರೆಹೊರೆಯವರ ಹೆಸರು ಕೆತ್ತಿದ ಇನ್ನೊಂದು ಕಲ್ಲಿದೆ. ನಾಟಕದಲ್ಲಿ ಇಂಥದೇ ಮನವಿಗೆ ಸಹಿ ಮಾಡಿದ 91 ಮಂದಿಯನ್ನೂ ವಿಚಾರಣೆಗೆ ಹಿಡಿದು ತರಲು ನ್ಯಾಯಾಧೀಶ ಆಜ್ಞೆ ಮಾಡುತ್ತಾನೆ. ಆ ಅಪಾಯ ಈ ರೈತ ಕುಟುಂಬಗಳಿಗೂ ತಿಳಿದಿರಲೇಬೇಕು. ಮತ್ತೊಬ್ಬರ ಹೆಸರು ಹೇಳಿದರೆ ಮಾತ್ರ ಉಳಿಗಾಲವಿದ್ದ ಊರಿನಲ್ಲಿ ಅವರು ಕಾಗದದ ಮೇಲೆ ತಮ್ಮದೇ ಹೆಸರು ಬರೆದುಕೊಟ್ಟರು. ಪ್ರಾಕ್ಟರನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಇವರ ನಾಟಕವನ್ನು ನೋಡಬೇಕೆನಿಸುತ್ತದೆ.